ಬೇರೆಯವರ ದನಿಯಲ್ಲಿ ಕೆಲಸ ಕೇಳಿದ ವರ್ಷಗಳು

ನಿವೃತ್ತಿ ಎಂದರೆ ಅರವತ್ತು ತುಂಬಿರಬೇಕು, ಕೂದಲು ನರೆತಿರಬೇಕು, ಬೆಳಗ್ಗೆ ಎದ್ದು ಪಾರ್ಕಿನಲ್ಲಿ ಕೈ ಬೀಸಿಕೊಂಡು ನಡೆಯುತ್ತಿರಬೇಕು ಎಂದು ತಿಳಿದವರು ಒಮ್ಮೆ ನನ್ನನ್ನು ನೋಡಬೇಕು. ನನಗೆ ಮೂವತ್ಮೂರು. ಆಗಲೇ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿದ್ದಾರೆ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಗಾಂಧಿಬಜಾರಿನ ನಮ್ಮ ತರಕಾರಿ ಅಂಗಡಿಯಲ್ಲಿ ಕೂರುವವರು ಬೇಕಾಯಿತು. ಹಾಗಾಗಿ ನಾನು ಕೆಲಸ ಬಿಟ್ಟೆ. ಬಿಟ್ಟವನಿಗೆ ಸಹೋದ್ಯೋಗಿಗಳು ತಮಾಷೆಗೆಂದು ನಿವೃತ್ತಿ ಸಮಾರಂಭವನ್ನೇ ಮಾಡಿದರು. ಬುಟ್ಟಿಯಲ್ಲಿದ್ದ ಸೇಬು ನಮ್ಮ ಎದುರಂಗಡಿಯದೇ ಎಂದು ಸ್ಟಿಕ್ಕರ್ ನೋಡಿದ ಕೂಡಲೇ ಗೊತ್ತಾಯಿತು. ಸುಮ್ಮನೆ ನಮಸ್ಕಾರ ಮಾಡಿದೆ.

ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಸೇರಿದ್ದಾರೆ. ಅವರಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ನಾನು ಸೇರಿದಾಗ ನನಗೆ ಕೊಟ್ಟದ್ದು ಒಂದು ಕೊಡೆ. "ಸಾರ್, ಕೆಲಸ ಹೇಗಿರತ್ತೆ, ಸ್ವಲ್ಪ ಬರೆದುಕೊಡಿ" ಎಂದು ಇಬ್ಬರೂ ಕೇಳಿದರು. ನನ್ನನ್ನು ಸಾರ್ ಎಂದವರು ಇವರೇ ಮೊದಲು. ಆ ಖುಷಿಗೆ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಅಂಗವಿಕಲರಿಗೆ ನಿಮ್ಮಲ್ಲಿ ನೌಕರಿ ಕೊಡಿ ಎಂದು ಮಾಲೀಕರನ್ನು ಒಪ್ಪಿಸುವುದು. ನಮ್ಮ ಕಚೇರಿ ಚಾಮರಾಜಪೇಟೆಯಲ್ಲಿ ಕಾಫಿಪುಡಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಹೌದು, ಸರಿಯಾಗಿಯೇ ಓದಿದಿರಿ. ಗಾಲಿಕುರ್ಚಿಯಲ್ಲಿ ಬಂದವರ ಜೊತೆ ಕೆಳಗೆ ಕಾಫಿಪುಡಿ ಅಂಗಡಿಯಲ್ಲೇ ಕೂತು ಮಾತಾಡುತ್ತಿದ್ದೆವು. ಊರಿಗೆಲ್ಲ ಇಳಿಜಾರು ಕಟ್ಟಿಸಿ ಎಂದು ಬುದ್ಧಿ ಹೇಳುವ ನಮಗೆ ಆ ಬಾಡಿಗೆಗೆ ಬೇರೆ ಜಾಗ ಸಿಗಲಿಲ್ಲ. ನಮ್ಮ ಮುಖ್ಯಸ್ಥೆ ಶ್ಯಾಮಲಾ ಮೇಡಂ ಊರುಗೋಲು ಹಿಡಿದು ಆ ಮೆಟ್ಟಿಲು ಹತ್ತುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಕಟ್ಟಡದ ಮಾಲೀಕನಿಗೆ ಒಂದೊಂದು ಬೈಗುಳ. ಮೇಲೆ ಬರುವ ಹೊತ್ತಿಗೆ ಮನಸ್ಸು ಹಗುರವಾಗಿರುತ್ತಿತ್ತು. ಉಳಿದ ಬೈಗುಳ ನಮಗೆ.

ನನ್ನ ಬಗ್ಗೆ ಒಂದು ವಿಷಯ ಮೊದಲೇ ಹೇಳಬೇಕು. ನಾನು ಉಗ್ಗುತ್ತೇನೆ. ಹೆಸರು ಬದರೀನಾಥ. 'ಬ' ಅಕ್ಷರದ ಮುಂದೆ ಎತ್ತಿನಗಾಡಿ ಕೆಸರಲ್ಲಿ ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತೇನೆ. ಆದರೆ ಬೇರೆ ಯಾರದಾದರೂ ದನಿಯಲ್ಲಿ ಮಾತಾಡಿದರೆ ಒಂದಕ್ಷರವೂ ಸಿಕ್ಕಿಕೊಳ್ಳುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕಾಫಿಗೆ ಹೋದಾಗ ಅವರ ದನಿಯಲ್ಲೇ ಕೂಗಿ ಸೊಪ್ಪು ಮಾರುತ್ತಿದ್ದೆ. ಗಿರಾಕಿಗಳು ಬಂದು ಅಂಗಡಿಯ ಕೆಳಗೆಲ್ಲ ಬಗ್ಗಿ ಅಪ್ಪನನ್ನು ಹುಡುಕುತ್ತಿದ್ದರು. ಹೀಗೇಕೆ ಎಂದು ಡಾಕ್ಟರು ಬಹಳ ಹೊತ್ತು ವಿವರಿಸಿದ್ದರು. ಏನು ಹೇಳಿದರೋ ಮರೆತುಹೋಗಿದೆ. ಹೇಗೆ ಹೇಳಿದರು ಎಂದು ಬೇಕಾದರೆ ಈಗಲೂ ಮಾಡಿ ತೋರಿಸುತ್ತೇನೆ.

ಕೆಲಸ ಕೇಳಲು ಹೋದ ದಿನ ಶ್ಯಾಮಲಾ ಮೇಡಂ "ಹೆಸರೇನಪ್ಪಾ?" ಎಂದರು. ನಾನು ಬ... ಬ... ಎಂದು ಕೂತೆ. ಅವರ ಕಾಫಿ ಆರುತ್ತಿತ್ತು. ಬೇರೆ ದಾರಿ ಕಾಣದೆ ಅಪ್ಪನ ದನಿ ತೆಗೆದೆ. "ಬದ್ರಿ ಅಂತ ಮೇಡಂ, ನಮ್ಮ ಹುಡುಗ. ಒಳ್ಳೆಯವನು, ಸ್ವಲ್ಪ ತಲೆಹರಟೆ."

ಮೇಡಂ ಕತ್ತು ಚಾಚಿ ಬಾಗಿಲ ಹೊರಗೆ ನೋಡಿದರು. "ನಿಮ್ಮ ತಂದೇನೂ ಬಂದಿದಾರಾ? ಒಳಗೆ ಕರಿ."

"ಇಲ್ಲ ಮೇಡಂ, ಅವರು ಅಂಗಡೀಲಿದಾರೆ" ಎಂದೆ. ಅದನ್ನೂ ಅಪ್ಪನ ದನಿಯಲ್ಲೇ.

ಅವರು ಕಾಫಿ ಲೋಟ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಳೆಯಿಂದ ಬಾ ಎಂದರು. ಕೊಡೆ ಕೊಟ್ಟರು.

ಮೊದಲ ತಿಂಗಳು ನಾನು ಮಾಡಿದ ಕೆಲಸವನ್ನು ನೀವು ಮಾಡಬೇಡಿ. ಚಾಮರಾಜಪೇಟೆಯ ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕರ ಬಳಿ ಹೋಗಿ, ಹರಿಕಥೆ ದಾಸರೊಬ್ಬರ ದನಿಯನ್ನು ಎರವಲು ಪಡೆದು, ಪಾಪ ಕಣ್ಣಿಲ್ಲ, ಪಾಪ ಕಾಲಿಲ್ಲ ಎಂದು ಅರ್ಧ ಗಂಟೆ ಕರುಣಾರಸ ಹರಿಸಿದೆ. ಮಾಲೀಕರು ಗಳಗಳ ಅತ್ತರು. ಒಳಗೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು "ಆ ಮಕ್ಕಳಿಗೆ ಕೊಟ್ಬಿಡಪ್ಪಾ" ಎಂದು ನನ್ನ ಕೈಯಲ್ಲಿಟ್ಟರು. ನಮ್ಮ ಆ 'ಮಕ್ಕಳ' ಪೈಕಿ ಒಬ್ಬರಿಗೆ ಮೊಮ್ಮಗ ಇದ್ದ.

"ಕೆಲಸ ಕೇಳೋಕೆ ಕಳಿಸಿದ್ರೆ ಬಾಳೆಹಣ್ಣು ತಂದಿದೀಯಲ್ಲೋ!" ಎಂದು ಮೇಡಂ ಮೇಜು ಕುಟ್ಟಿದರು. "ಪಾಪ ಅಂದ ತಕ್ಷಣ ಅವರ ಕೈ ಜೇಬಿಗೆ ಹೋಗತ್ತೆ. ನಮಗೆ ಬೇಕಿರೋದು ಅವರ ಜೇಬಲ್ಲ, ಅವರ ಅಂಗಡೀಲಿ ಒಂದು ಕುರ್ಚಿ. ಇನ್ನೊಂದ್ಸಲ ಆ ಪದ ಬಾಯಿಗೆ ಬಂದ್ರೆ ಕೊಡೆ ವಾಪಸ್ ಕೊಟ್ಬಿಡು."

ಬಾಳೆಹಣ್ಣನ್ನು ಮಾತ್ರ ಎಲ್ಲರೂ ತಿಂದರು. ಮೇಡಂ ಎರಡು ತಿಂದರು.

ಪಾಪ ಬಿಟ್ಟ ಮೇಲೆ ಮಾಲೀಕರ ನಿಜವಾದ ಮಾತುಗಳು ಕೇಳತೊಡಗಿದವು. ಕುಮಾರ ಪಾರ್ಕಿನ ಒಬ್ಬ ಸೀರೆ ಅಂಗಡಿಯವರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ತಗೋತೀನಿ. ಆದ್ರೆ ಸ್ವಲ್ಪ ಕಮ್ಮಿ ಇರೋದು ಯಾವುದಾದ್ರೂ ಇದೆಯಾ?"

"ಏನು ಕಮ್ಮಿ ಸಾರ್?"

"ಅದೇಪ್ಪಾ, ವೈಕಲ್ಯ. ಗಿರಾಕಿಗಳಿಗೆ ಕಾಣಬಾರದು. ಆದ್ರೆ ಪೇಪರ್‌ನವರು ಫೋಟೋ ತೆಗೆದಾಗ ಕಾಣ್ಬೇಕು."

ತರಕಾರಿ ಅಂಗಡಿಯ ಮಗ ನಾನು. ಹೀಗೆ ಎಳೆಯದಾಗಿಯೂ ಇರಬೇಕು, ಬಲಿತೂ ಇರಬೇಕು ಎಂದು ಬೆಂಡೆಕಾಯಿ ಕೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರೇ ಕೊನೆಗೆ "ಸಂಬಳ ಅರ್ಧ ಕೊಡ್ಬೋದಲ್ವಾ?" ಎಂದೂ ಕೇಳಿದರು. ಈ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ಊಟದ ಕೊನೆಯಲ್ಲಿ ಮಜ್ಜಿಗೆ ಬಂದ ಹಾಗೆ, ತಪ್ಪುವುದೇ ಇಲ್ಲ. "ಅರ್ಧ ದಿನ ಕೆಲಸ ಮಾಡಿಸ್ತೀರಾ ಸಾರ್?" ಎಂದು ನೀವು ಮುಗ್ಧವಾಗಿ ಕೇಳಬೇಕು. ಮುಗ್ಧ ಮುಖ ನನಗೆ ಬರುವುದಿಲ್ಲ. ನಿಮಗೆ ಬಂದೀತು.

ಮಾಮೂಲ್‌ಪೇಟೆಯ ಪ್ಲಾಸ್ಟಿಕ್ ಸಾಮಾನಿನ ವ್ಯಾಪಾರಿಯದು ಬೇರೆಯೇ ಸಂಕಟ. ಅವರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಕಿವಿ ಕೇಳದ ನಾಗೇಶನನ್ನು ಸೇರಿಸಿದ್ದೆವು. ತಿಂಗಳಾದ ಮೇಲೆ ವಿಚಾರಿಸಲು ಹೋದರೆ ಸೇಟು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು.

"ಕೆಲಸ ಸರಿಯಾಗಿ ಮಾಡ್ತಿಲ್ವಾ ಸಾರ್?"

"ಕೆಲಸ ಫಸ್ಟ್ ಕ್ಲಾಸ್. ಆದ್ರೆ ಬೈಯೋಕೆ ಆಗ್ತಿಲ್ಲ ಗುರು! ನಾನು ಬೈತೀನಿ, ಅವನು ನಗ್ತಾನೆ. ಬೈಯೋಕೂ ಆಗಲ್ಲ ಅಂದ್ರೆ ಓನರ್ ಆಗಿ ಏನು ಸುಖ?"

ಸನ್ನೆ ಭಾಷೆ ಕಲಿಸುವ ಟೀಚರ್ ಒಬ್ಬರನ್ನು ಕರೆದುಕೊಂಡು ಹೋದೆ. ಸೇಟು ಬೇರೆ ಯಾವ ಪಾಠಕ್ಕೂ ಒಪ್ಪಲಿಲ್ಲ. ಸೋಮಾರಿ, ದಂಡಪಿಂಡ, ನಿದ್ದೆಗಣ್ಣ, ಇವುಗಳಿಂದಲೇ ಶುರುವಾಗಬೇಕು ಎಂದರು. ಈಗ ಆ ಅಂಗಡಿಯಲ್ಲಿ ದಿನವಿಡೀ ಇಬ್ಬರೂ ಕೈಯಲ್ಲೇ ಬೈದಾಡುತ್ತಾರೆ. ನಾಗೇಶನ ಕೈ ಚುರುಕು. ಸೇಟು ಒಂದು ಬೈಯುವಷ್ಟರಲ್ಲಿ ಅವನದು ಮೂರು ಆಗಿರುತ್ತದೆ.

ಇಷ್ಟು ತಿರುಗಿದ ಮೇಲೆ ನನಗೊಂದು ಉಪಾಯ ಹೊಳೆಯಿತು. ಮೊದಲು ನಾನೊಬ್ಬನೇ ಮಾಲೀಕರ ಬಳಿ ಹೋಗಿ ಮಾತಾಡಿಸುವುದು. ಅವರ ದನಿಯನ್ನು ಕದ್ದು ತರುವುದು. ಆಮೇಲೆ ಕಚೇರಿಯಲ್ಲಿ ಅಭ್ಯರ್ಥಿಯ ಮುಂದೆ ಅದೇ ಮಾಲೀಕನಾಗಿ ಕೂತು, ಅವರು ಕೇಳಬಹುದಾದ ಕೆಟ್ಟ ಪ್ರಶ್ನೆಗಳನ್ನೆಲ್ಲ ಅವರದೇ ದನಿಯಲ್ಲಿ ಕೇಳುವುದು. ನಿಜವಾದ ಸಂದರ್ಶನಕ್ಕೆ ಹೋಗುವ ಹೊತ್ತಿಗೆ ಅಭ್ಯರ್ಥಿಗೆ ಆ ಮನುಷ್ಯ ಹಳೆಯ ನೆಂಟನ ಹಾಗೆ ಆಗಿರುತ್ತಿದ್ದ. ಭಯ ಹೋಗಿರುತ್ತಿತ್ತು. ಈ ಪದ್ಧತಿಯಿಂದ ನಮಗೆ ಒಳ್ಳೆಯ ಹೆಸರೂ ಬಂತು. ಅದನ್ನು ಮಣ್ಣುಪಾಲು ಮಾಡುವ ಮಟ್ಟಕ್ಕೆ ತಂದದ್ದು ಪವಿತ್ರಾಳ ಪ್ರಕರಣ.

ಪವಿತ್ರಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಡಿಗ್ರಿ ಮುಗಿಸಿ, ತ್ಯಾಗರಾಜನಗರದಲ್ಲಿ ಅಕ್ಕ ಭಾವನ ಮನೆಯಲ್ಲಿದ್ದಳು. ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಅವಳ ಕೈಯಲ್ಲಿ ಓಡುತ್ತಿತ್ತು. ಭಾವನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ತಿಂಗಳ ಕೊನೆಗೆ ಮನೆ ಖಾಲಿ. ಅಷ್ಟರೊಳಗೆ ಕೆಲಸ ಸಿಕ್ಕರೆ ಚಾಮರಾಜಪೇಟೆಯ ಮಹಿಳಾ ಹಾಸ್ಟೆಲಿನಲ್ಲಿ ಒಂದು ಮಂಚ ಹಿಡಿದು ಇಲ್ಲೇ ಇರಬಹುದು. ಇಲ್ಲವಾದರೆ ಅವರ ಹಿಂದೆ ಹೊರಡಬೇಕು.

"ಲಾರೀಲಿ ಫ್ರಿಜ್ಜು ಹತ್ತಿದ ಮೇಲೆ ನನ್ನನ್ನ ಹತ್ತಿಸ್ತಾರೆ" ಎಂದು ಮೊದಲ ದಿನವೇ ಹೇಳಿದಳು. "ಫ್ರಿಜ್ಜಿಗಾದ್ರೆ ಅಲ್ಲಿ ಹೋದ್ಮೇಲೆ ಏನು ಕೆಲಸ ಅಂತ ಗೊತ್ತಿದೆ. ನನಗೆ ಗೊತ್ತಿಲ್ಲ."

ನಗುತ್ತಲೇ ಹೇಳಿದಳು. ಕೈಯಲ್ಲಿದ್ದ ಬಿಳಿಕೋಲನ್ನು ಮಾತ್ರ ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು ಮಾಡುತ್ತಿದ್ದಳು.

ಅದೇ ವಾರ ನಮ್ಮ ರಸ್ತೆಯಲ್ಲೇ ಒಂದು ಜಾಗ ಖಾಲಿಯಾಯಿತು. ಚನ್ನೇಗೌಡರ ಮದುವೆ ಛತ್ರ. ಅಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದ ರಾಮಣ್ಣ ಬಹಳ ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಎನ್ನಲಾರ. ಹಾಗೆ ಇಲ್ಲ ಎನ್ನಲಾರದೆ ಒಂದೇ ಮುಹೂರ್ತವನ್ನು ಎರಡು ಮನೆಯವರಿಗೆ ಕೊಟ್ಟುಬಿಟ್ಟಿದ್ದ. ಎರಡು ಬ್ಯಾಂಡ್‌ಸೆಟ್ಟು, ಎರಡು ಜೋಡಿ ಮದುಮಕ್ಕಳು ಒಂದೇ ಬಾಗಿಲಿಗೆ ಬಂದು ನಿಂತ ದಿನ ರಾಮಣ್ಣ ಹಿಂದಿನ ಬಾಗಿಲಿಂದ ಊರಿಗೆ ಹೋದವನು ತಿರುಗಿ ಬರಲಿಲ್ಲ. ಈಗ ಬುಕಿಂಗ್ ಎಲ್ಲ ಫೋನು ಮತ್ತು ಕಂಪ್ಯೂಟರಿನಲ್ಲಿ ಆಗಬೇಕು ಎಂದು ಗೌಡರು ತೀರ್ಮಾನಿಸಿದ್ದರು. ಪವಿತ್ರಾಳಿಗೆ ಹೇಳಿ ಮಾಡಿಸಿದ ಕೆಲಸ.

ನಾನು ಹೋಗಿ ವಿಷಯ ಹೇಳಿದೆ. ಗೌಡರದು ದಪ್ಪ ಮೀಸೆ, ದೊಡ್ಡ ಹೊಟ್ಟೆ, ಬಾಯಿ ತುಂಬ ಎಲೆಅಡಿಕೆ. ಮಾತು ಹೊರಗೆ ಬರುವ ಮೊದಲು ಮೂಗಿನಿಂದ ಒಂದು ದೀರ್ಘ ಉಸಿರು.

"ನೋಡಪ್ಪಾ, ಹುಡುಗಿ ಬುದ್ಧಿವಂತೆ ಅಂತೀಯ. ಇರಬಹುದು. ಆದ್ರೆ ಇದು ಶುಭಕಾರ್ಯದ ಜಾಗ. ಛತ್ರ ಬುಕ್ ಮಾಡೋಕೆ ಬಂದೋರಿಗೆ ಮೊದಲು ಕಾಣೋದೇ ಹಂಗಿರೋರು ಅಂದ್ರೆ... ಜನ ಏನಾದ್ರೂ ಅಂದ್ಕೊಂಡ್ರೆ? ಏನಂತೀಯ?" ಮತ್ತೊಂದು ಉಸಿರು. "ಆಗಲಿ, ಕರ್ಕೊಂಡು ಬಾ. ನೋಡೋಣ."

ಬೆಂಗಳೂರಿನಲ್ಲಿ ನೋಡೋಣ ಎಂದರೆ ಆಗಲ್ಲ ಎಂದು ಅರ್ಥ. ಆದರೂ ದನಿ ಸಿಕ್ಕಿತ್ತು. ಕದ್ದು ತಂದೆ.

ಪವಿತ್ರಾಳಿಗೆ ತಾಲೀಮು ಶುರುವಾಯಿತು. ನಾನು ಗೌಡರಾಗಿ ಅದೇ ಶುಭಕಾರ್ಯದ ಮಾತನ್ನು ನೂರೆಂಟು ಬಗೆಯಲ್ಲಿ ಕೇಳಿದೆ. ಅವಳು ಎರಡು ಉತ್ತರ ಇಟ್ಟುಕೊಂಡಿದ್ದಳು. ಗೌಡರಿಗೆ ಕೊಡಲು ಒಂದು ವಿನಯದ ಉತ್ತರ. ನನಗೆ ಕೊಡಲು ಇನ್ನೊಂದು. ಅದರಲ್ಲಿ ವಿನಯ ಇರಲಿಲ್ಲ. ಹೇಳದೆ ಕೇಳದೆ ಎಲ್ಲೆಂದರಲ್ಲಿ ಗೌಡನಾಗಿಬಿಡುವುದು ನನ್ನ ಪಾಠದ ಕ್ರಮ. ಬಸ್‌ಸ್ಟಾಪಿನಲ್ಲಿ, ದೋಸೆ ತಿನ್ನುವಾಗ, ರಸ್ತೆ ದಾಟುವಾಗ. ಸಂದರ್ಶನದ ದಿನ ಆಟೋದಲ್ಲೂ ಎರಡು ಸಲ ಆದೆ. ಆಟೋದವನು ಕನ್ನಡಿಯಲ್ಲಿ ನೋಡಿ "ಹಿಂದೆ ಮೂರು ಜನ ಇದೀರಾ?" ಎಂದ.

ಛತ್ರದಲ್ಲಿ ಗೌಡರಿನ್ನೂ ಬಂದಿರಲಿಲ್ಲ. ಪವಿತ್ರಾ ಆಫೀಸ್ ಕೋಣೆಯ ಕುರ್ಚಿಯಲ್ಲಿ ಕೂತಳು. ನಾನು ಅವಳ ಹಿಂದೆ, ಬಾಗಿಲ ಪಕ್ಕದ ಗೋಡೆಯಲ್ಲಿದ್ದ ದೊಡ್ಡ ಫೋಟೋ ನೋಡುತ್ತ ನಿಂತೆ. ಗೌಡರ ಮಗಳ ಮದುವೆಯದು, ಇದೇ ಛತ್ರದಲ್ಲಿ ನಡೆದದ್ದು. ಆ ಮಗಳು ಗಂಡನನ್ನು ಬಿಟ್ಟು ತವರಿಗೆ ಬಂದು ವರ್ಷವಾಗಿದ್ದು ಇಡೀ ರಸ್ತೆಗೆ ಗೊತ್ತಿತ್ತು. ಪವಿತ್ರಾಳಿಗೆ ಗೊತ್ತಿರಲಿಲ್ಲ.

ಛತ್ರದಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಡುತ್ತಾರೆ. ಗೌಡರು ಬರಿಗಾಲಲ್ಲಿ, ಸದ್ದಿಲ್ಲದೆ ಒಳಗೆ ಬಂದು, ನನ್ನ ಪಕ್ಕದಲ್ಲೇ ನಿಂತು ಉಸಿರುಬಿಟ್ಟರು.

"ನೋಡಮ್ಮಾ..."

"ಸಾಕು ಮಾಡು ಗುರು" ಎಂದಳು ಪವಿತ್ರಾ ತಿರುಗದೆಯೇ. "ಬೆಳಗ್ಗೆಯಿಂದ ಇದೇ ಆಯ್ತು. ಈಗ ಸರಿಯಾಗಿ ಬರ್ತಾನೂ ಇಲ್ಲ. ಆಟೋದಲ್ಲಿ ಚೆನ್ನಾಗಿತ್ತು."

ಗೌಡರು ಕಣ್ಣು ಬಿಟ್ಟರು. "ಏನು ಸರಿಯಾಗಿ ಬರ್ತಿಲ್ಲ?"

"ಗೌಡ್ರು! ಬಾಯಲ್ಲಿ ಎಲೆಅಡಿಕೆ ಇರೋ ಹಾಗಿರಬೇಕು. ಇದು ಖಾಲಿ ಬಾಯಿ."

ನಿಜ. ಹೆಣ್ಣುಮಗಳ ಸಂದರ್ಶನ ಎಂದು ಗೌಡರು ಅವತ್ತು ಬಾಯಿ ಮುಕ್ಕಳಿಸಿಕೊಂಡು ಬಂದಿದ್ದರು.

ಇದು ನಾನಲ್ಲ, ನಿಜವಾದ ಗೌಡರು ಎಂದು ಹೇಳಬೇಕು. ಬಾಯಿ ತೆರೆದೆ. "ಪ... ಪ... ಪ..." ಅವಳ ಹೆಸರಿನ ಮೊದಲ ಅಕ್ಷರದ ಮುಂದೆಯೇ ಗಾಡಿ ಹೂತುಹೋಯಿತು. ಗೌಡರು ನನ್ನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ, ತಮ್ಮ ಪಾಡಿಗೆ ಪ್ರಶ್ನೆ ಕೇಳಿಯೇಬಿಟ್ಟರು. "ಇದು ಶುಭಕಾರ್ಯದ ಜಾಗ ಕಣಮ್ಮಾ. ಬಂದೋರು ನಿನ್ನ ನೋಡಿ ಅಪಶಕುನ ಅಂದ್ರೆ?"

ಪವಿತ್ರಾ ನನಗೆ ಕೊಡುವ ಉತ್ತರವನ್ನೇ ಕೊಟ್ಟಳು. "ಗೌಡ್ರೇ, ಇಷ್ಟು ವರ್ಷ ನಿಮ್ಮ ಛತ್ರಾನ ಕಣ್ಣಿರೋರೇ ಬುಕ್ ಮಾಡ್ಸಿದಾರೆ, ಕಣ್ಣಿರೋರೇ ಮಾಡ್ಕೊಟ್ಟಿದಾರೆ. ಇಲ್ಲಿ ಮದುವೆ ಆದೋರೆಲ್ಲ ಚೆನ್ನಾಗೇ ಇದಾರಾ? ಹೋಗಿ ಒಂದ್ಸಲ ವಿಚಾರ್ಸ್ಕೊಂಡು ಬನ್ನಿ, ಆಮೇಲೆ ನನ್ನ ಶಕುನ ನೋಡಿ."

ಗೌಡರ ಮುಖದ ಬಣ್ಣ ಇಳಿಯಿತು. ಕಣ್ಣು ಗೋಡೆಯ ಫೋಟೋದ ಕಡೆ ಹೋಯಿತು.  ಇನ್ನು ಸುಮ್ಮನಿದ್ದರೆ ಅವಳು ಇನ್ನೇನಾದರೂ ಹೇಳುತ್ತಾಳೆ. ನನ್ನ ಸ್ವಂತ ದನಿ ಗಂಟಲಲ್ಲೇ ಕೂತಿದೆ. ಹೊರಬರುವ ಸ್ಥಿತಿಯಲ್ಲಿದ್ದ ದನಿ ಒಂದೇ. ಅದೇ ಬಂತು.

"ಅಯ್ಯೋ ನೋಡಮ್ಮಾ, ಈಗ ಮಾತಾಡಿದ್ದು ಬದ್ರಿ ಅಲ್ಲ, ಸಾಕ್ಷಾತ್ ಗೌಡ್ರೇ! ಏನಂತೀಯ?"

ಗೌಡರ ಮುಂದೆ, ಗೌಡರ ದನಿಯಲ್ಲಿ, ಗೌಡರ ಮೂಗುಸಿರಿನ ಸಮೇತ.

 ಪವಿತ್ರಾಳ ಕೈಯಿಂದ ಕೋಲು ಜಾರಿ ಕೆಳಗೆ ಬಿತ್ತು. ಬಹಳ ಸಣ್ಣ ದನಿಯಲ್ಲಿ ಕೇಳಿದಳು. "ಇಬ್ಬರಲ್ಲಿ... ಯಾರು ನೀನು?"

"ಹೊರಗೆ ನಡಿಯೋ" ಎಂದರು ಗೌಡರು. ಅದು ನನಗೆ ಎಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು.

ಹೊರಗೆ ಹೋಗಿ ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತೆ. ಲಾರಿ ಕಣ್ಣಿಗೆ ಕಟ್ಟಿತು. ಫ್ರಿಜ್ಜು, ಅದರ ಹಿಂದೆ ಪವಿತ್ರಾ. ಹತ್ತಿಸುತ್ತಿರುವವನು ನಾನೇ. ಮೇಡಂಗೆ ಏನು ಹೇಳಲಿ, ಯಾರ ದನಿಯಲ್ಲಿ ಹೇಳಲಿ ಎಂದು ಯೋಚಿಸುತ್ತಿದ್ದಾಗ ಒಳಗಿನಿಂದ ಗೌಡರ ಗದರಿಕೆ ಕೇಳಿಸಿತು. ಓಡಿಹೋಗಿ ಬಾಗಿಲಿಗೆ ಕಿವಿಯಿಟ್ಟೆ.

"ನಾನು ಗಂಡಿನ ಸೋದರಮಾವ! ನಮಗೆ ಅದೇ ಮುಹೂರ್ತ ಬೇಕು!" ಗೌಡರೇ. ಇವಳಾದರೂ ಇಲ್ಲ ಎನ್ನುತ್ತಾಳೋ ನೋಡಲು ಗಂಡಿನ ಸೋದರಮಾವನ ಪಾತ್ರ ಹಾಕಿದ್ದರು. ನಟನೆ ಬಹಳ ಕೆಟ್ಟದಾಗಿತ್ತು.

"ಇಲ್ಲ ಸಾರ್, ಆ ದಿನ ಬೇರೆಯವರಿಗೆ ಆಗಿದೆ" ಎಂದ ಪವಿತ್ರಾಳ ದನಿ ನಡುಗುತ್ತಿತ್ತು.

"ನಾನು ಯಾರು ಗೊತ್ತಾ? ಎಮ್ಮೆಲ್ಲೆ ಹತ್ರ ಫೋನ್ ಮಾಡಿಸ್ಲಾ?"

"ಮಾಡಿಸಿ ಸಾರ್." ಈಗ ನಡುಕ ಇರಲಿಲ್ಲ. "ಅವರಿಗೂ ಇದೇ ಹೇಳ್ತೀನಿ. ಅದರ ಮುಂದಿನ ಗುರುವಾರ ಖಾಲಿ ಇದೆಯಾ ನೋಡ್ಲಾ?"

 ಆಮೇಲೆ ಗೌಡರು ಮೆಲ್ಲಗೆ ಹೇಳಿದ್ದು ಕೇಳಿಸಿತು. "ನನ್ನ ಮಗಳ ಮದುವೇಲಿ ನಾನು ನೋಡದೇ ಇರೋ ಶಕುನ ಇಲ್ಲ ಕಣಮ್ಮಾ. ಹಲ್ಲಿ ಲೊಚಗುಟ್ಟಿದ್ದಕ್ಕೂ ಜೋಯಿಸರನ್ನ ಕೇಳಿದೀನಿ. ಹುಡುಗ ಎಂಥೋನು ಅಂತ ಮಾತ್ರ ಯಾರನ್ನೂ ಕೇಳ್ಲಿಲ್ಲ."

"ತಪ್ಪಾಯ್ತು ಸಾರ್. ನನಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಹೇಳ್ತಿರ್ಲಿಲ್ಲ. ಅದಕ್ಕೇ ಯಾರೂ ಹೇಳಿಲ್ಲ." ಆಮೇಲೆ ಜೋರಾಗಿ, "ಆ ಬಾಗಿಲಿಗೆ ಅಂಟ್ಕೊಂಡಿರೋ ಹಲ್ಲೀನ ಒಳಗೆ ಕರಿ!"

ಒಳಗೆ ಹೋಗಿ ಕೈಕಟ್ಟಿ ನಿಂತೆ. ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಮ್ಮೆ ಆಗಲ್ಲ ಎಂದುಕೊಂಡದ್ದನ್ನು ತಮ್ಮ ಬಾಯಿಂದಲೇ ಆಗಲಿ ಎನ್ನುವುದು ದೊಡ್ಡವರಿಗೆ ಕಷ್ಟ. ಅವರು ಎಲೆಗೆ ಸುಣ್ಣ ಹಚ್ಚಿದರು, ಮಡಿಸಿದರು, ಬಾಯಿಗೆ ಹಾಕಿಕೊಂಡರು. ಸಾವಕಾಶ ಅಗಿದರು. 

"ಏನೋ, ನನ್ನ ದನಿ ಅಷ್ಟು ಚೆನ್ನಾಗಿ ಮಾಡ್ತೀಯಂತೆ. ನನಗಿಂತಾನೂ ಚೆನ್ನಾಗಂತೆ. ಮಾಡು ನೋಡೋಣ."

"ಏ... ಏನು ಮಾಡ್ಲಿ ಸಾರ್?"

"ನಾನು ಈ ಹುಡುಗೀನ ಕೆಲಸಕ್ಕೆ ತಗೊಳೋ ಹಾಗೆ ಮಾಡು."

ಇಂಥ ಅವಕಾಶ ಒಬ್ಬ ಕಲಾವಿದನಿಗೆ ಜನ್ಮದಲ್ಲಿ ಒಂದೇ ಸಲ ಬರುತ್ತದೆ. ಹೊಟ್ಟೆ ಮುಂದೆ ಮಾಡಿದೆ. ಮೂಗಿನಿಂದ ಉಸಿರು ಬಿಟ್ಟೆ. "ನೋಡಮ್ಮಾ, ಸೋಮವಾರದಿಂದ ಬಂದ್ಬಿಡು. ರಾಮಣ್ಣಂಗೆ ಏನು ಸಂಬಳ ಕೊಡ್ತಿದ್ನೋ ನಿಂಗೂ ಅಷ್ಟೇ. ಅರ್ಧ ಗಿರ್ಧ ಅನ್ನೋ ಮಾತೇ ಇಲ್ಲ. ಮಾತಾಡೋ ಕಂಪ್ಯೂಟರ್‌ಗೆ ಏನು ಬೇಕೋ ಅದೂ ನಂದೇ. ಏನಂತೀಯ?"

ಗೌಡರು ಅಗಿಯುವುದನ್ನು ನಿಲ್ಲಿಸಿದರು. "ಲೇ, ಪೂರ್ತಿ ಸಂಬಳ ಅಂತ ನಾನೆಲ್ಲೋ ಅಂದೆ?"

"ಅಂದ್ರಿ ಸಾರ್" ಎಂದಳು ಪವಿತ್ರಾ. ಅವಳಾಗಲೇ ಎದ್ದು ನಿಂತು ಕೈಮುಗಿದಿದ್ದಳು. "ನಾನೇ ಕಿವಿಯಾರೆ ಕೇಳಿದೀನಿ. ಸೋಮವಾರ ಎಷ್ಟು ಗಂಟೆಗೆ ಬರ್ಲಿ?"